ಹರಿವಾಣಕ್ಕೊಂದು ತಾವು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಸಿದ್ದಾಪುರದ ಮಗ್ಗುಲಿಗಿರುವ ಬ್ರಹ್ಮಗಿರಿಯ ಹೆಸರನ್ನು ಕೇಳಿದೊಡನೆ ವಿದ್ಯಾವಂತರಿಗೆ ಅಶೋಕ ಚಕ್ರವರ್ತಿಯ ನೆನಪಾಗುವುದು ಸಹಜ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿಯ ಬಂಡೆಯೊಂದರ ಮೇಲೆ ಅಶೋಕನ ಶಾಸನವನ್ನು ಕಂಡುಹಿಡಿದರು. ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆ ಇಂದಿಗೂ ಕಲ್ಲಿನ ಮೇಲೆ ಉಳಿದಿದೆ. ಆದರೆ ಅದೇ ಬೆಟ್ಟದ ಬುಡ ಅಡಿಗೆಮನೆಯ ವಿಚಾರದಲ್ಲಿಯೂ ಒಂದು ಪಾಠವನ್ನು ಹೇಳಬಲ್ಲುದೆಂಬುದು ಅನೇಕರಿಗೆ ಹೊಳೆದಿರಲಾರದು.

ಬ್ರಹ್ಮಗಿರಿಯಲ್ಲಿ ಮೊದಲು ಅಗೆತ ನಡೆಸಿದವರು ಮೈಸೂರಿನ ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು. ಆ ಬಳಿಕ ೧೯೪೭ರಲ್ಲಿ, ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿಯ ನೆಲವನ್ನು ಪದರಪದರವಾಗಿ ಬಿಡಿಸಿ ನೋಡಿದರು. ಎಲ್ಲಕ್ಕೂ ಕೆಳಗೆ ಕಲ್ಲಿನ ಕೊಡಲಿ ಹಿಡಿದವರ ಬದುಕು. ಅದರ ಮೇಲೆ ಕಬ್ಬಿಣವನ್ನು ಬಲ್ಲ, ಬೃಹತ್ ಶಿಲೆಗಳ ಸಮಾಧಿಗಳನ್ನು ಕಟ್ಟಿದ ಜನರ ಬದುಕು. ಅದಕ್ಕೂ ಮೇಲೆ ಸಾತವಾಹನರ ಕಾಲದ ಊರು. ಈ ಪದರಗಳಿಗೆ ಅವರು ಕೊಟ್ಟ ಕಾಲವನ್ನು ಮುಂದಿನ ವಿದ್ವಾಂಸರು ಇನ್ನೂ ಹಿಂದಕ್ಕೆ ಸರಿಸಿದ್ದಾರೆ. ಆದರೆ ಪದರಗಳ ಕ್ರಮ ಮಾತ್ರ ಕದಲಿಲ್ಲ. ಅಗೆತದ ಶಾಸ್ತ್ರಕ್ಕೆಲ್ಲ ಆಧಾರವಾದ ಸೂತ್ರ ಬಹು ಸರಳವಾದುದು: ಮಧ್ಯೆ ಯಾರೂ ಕೈಹಾಕದಿದ್ದರೆ, ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು.

ಬ್ರಹ್ಮಗಿರಿಯ ಕಾಲನಿರ್ಣಯಕ್ಕೆ ನೆರವಾದ ವಸ್ತುಗಳಲ್ಲಿ ಒಂದು ತಟ್ಟೆಯೂ ಸೇರಿದೆಯೆಂಬುದು ಗೃಹಿಣಿಯರಿಗೆ ಹಿತವಾಗಿ ತೋರಬೇಕು. ಅಗಲವಾದ ಚಪ್ಪಟೆ ತಳ, ಒಳಕ್ಕೆ ಬಾಗಿದ ಅಂಚು, ನುಣುಪಾದ ಮೈ, ತಳದ ಒಳಭಾಗದಲ್ಲಿ ಸಣ್ಣ ಗೀರುಗಳ ಸುತ್ತುಗಳು - ಇಂಥ ಮಣ್ಣಿನ ತಟ್ಟೆಗಳನ್ನು ವ್ಹೀಲರ್ ಅವರು ೧೯೪೫ರಲ್ಲಿ ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ, ರೋಮನ್ ಸಾಮಗ್ರಿಗಳ ಜೊತೆಯಲ್ಲಿ ಕಂಡಿದ್ದರು. ಅದೇ ಬಗೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ದೊರೆತುವು. ಕಡಲ ತೀರದ ತಟ್ಟೆಯ ಕಾಲ ತಿಳಿದಿದ್ದುದರಿಂದ ಒಳನಾಡಿನ ಊರಿನ ಕಾಲವನ್ನೂ ಊಹಿಸಲು ಸಾಧ್ಯವಾಯಿತು. ಎರಡು ಸಾವಿರ ವರ್ಷಗಳ ಹಿಂದೆ ಯಾರದೋ ಕೈಜಾರಿ ಒಡೆದ ತಟ್ಟೆ ಚರಿತ್ರೆಗೆ ಸಾಕ್ಷಿಯಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಣ್ಣಿನ ಪಾತ್ರೆಗಳು ಒಡೆಯುತ್ತಿದ್ದುವು; ಒಡೆದುದನ್ನು ಹೊರಕ್ಕೆಸೆದು, ಕುಂಬಾರನ ಮನೆಯಿಂದ ಬೇರೊಂದನ್ನು ತರುತ್ತಿದ್ದರು. ಮುತ್ತುಗದ ಎಲೆಯಲ್ಲಿಯೋ ಬಾಳೆಯ ಎಲೆಯಲ್ಲಿಯೋ ಉಂಡವರಿಗಂತೂ ತಟ್ಟೆಯನ್ನಿಡುವ ಪ್ರಶ್ನೆಯೇ ಇರಲಿಲ್ಲ. ಊಟವಾದೊಡನೆ ಎಲೆ ಹಿತ್ತಿಲ ತಿಪ್ಪೆಯನ್ನು ಸೇರುತ್ತಿತ್ತು. ಮನೆಗೆ ಲೋಹ ಬಂದ ಮೇಲೆ ಸಮಸ್ಯೆ ಬಂದಿತು. ಹಿತ್ತಾಳೆಯ ಹರಿವಾಣ ಒಡೆಯುವುದಿಲ್ಲ. ತಾಮ್ರದ ತಬಕು ಸವೆಯುವುದಕ್ಕೆ ಒಂದು ತಲೆಮಾರು ಸಾಲದು. ೧೯೧೩ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ರೂಪಿಸಿದ ತುಕ್ಕು ಹಿಡಿಯದ ಉಕ್ಕು ಮುಂದೆ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆಯಾಗಿ ಭಾರತದ ಮನೆಮನೆಯನ್ನೂ ಹೊಕ್ಕಿತು. ಮದುವೆಗೆ ಬಂದವು, ಗೃಹಪ್ರವೇಶಕ್ಕೆ ಬಂದವು, ಹಳೆಯ ಸೀರೆಗೆ ಬದಲಾಗಿ ಪಾತ್ರೆಯವಳಿಂದ ಕೊಂಡವು, ಹೀಗೆ ತಟ್ಟೆಗಳು ಸೇರುತ್ತಲೇ ಹೋದುವು. ಒಂದೂ ಮನೆಬಿಟ್ಟು ಹೋಗಲಿಲ್ಲ. ಒಡೆಯದ ವಸ್ತುವಿನ ಗುಣವೇ ಅದರ ಭಾರವೂ ಆಯಿತು.

ಚಳ್ಳಕೆರೆಯಲ್ಲಾಗಲಿ ಬೆಂಗಳೂರಿನ ಬಡಾವಣೆಯಲ್ಲಾಗಲಿ ಒಂದು ಸಾಧಾರಣ ಗೃಹಸ್ಥರ ಅಡಿಗೆಮನೆಯ ಬೀರುವನ್ನು ತೆರೆದು ನೋಡಿದರೆ ಸಾಕು, ಬ್ರಹ್ಮಗಿರಿಯ ಅಗೆತವೇ ಕಣ್ಣಿಗೆ ಕಟ್ಟುತ್ತದೆ. ಎಲ್ಲಕ್ಕೂ ಕೆಳಗೆ ಅತ್ತೆಯ ಕಾಲದ ಹಿತ್ತಾಳೆಯ ಹರಿವಾಣ. ಅದರ ಮೇಲೆ ಮದುವೆಯ ಕಾಲದ ಸ್ಟೀಲಿನ ತಟ್ಟೆಗಳು. ಅದಕ್ಕೂ ಮೇಲೆ ಮಕ್ಕಳು ಬಯಸಿ ತಂದ ಕೇಕಿನ ತಟ್ಟೆ, ಅತಿಥಿಗಳಿಗೆ ಕಾಫಿ ಕೊಡುವ ಪ್ಲಾಸ್ಟಿಕ್ಕಿನ ಟ್ರೇ, ಹಬ್ಬದ ದಿನ ಕೊಂಡ ಹೊಳೆಯುವ ತಬಕು. ಪದರಗಳು ಕಾಲಕ್ರಮದಲ್ಲಿಯೇ ಇವೆ. ವ್ಹೀಲರ್ ಅವರು ಬಂದಿದ್ದರೆ ಪ್ರತಿಯೊಂದಕ್ಕೂ ಚೀಟಿ ಅಂಟಿಸುತ್ತಿದ್ದರು. ಅವಶೇಷಗಳಿಗೆ ಈ ವ್ಯವಸ್ಥೆ ಒಪ್ಪುತ್ತದೆ; ನಾಲ್ಕು ಗಂಟೆಗೆ ನೆಂಟರು ಬರುವ ಮನೆಗೆ ಒಪ್ಪುವುದಿಲ್ಲ.

ಏಕೆಂದರೆ ತಳದಲ್ಲಿರುವ ಹರಿವಾಣವನ್ನು ತೆಗೆಯಬೇಕಾದರೆ ಮೇಲಿನ ಹದಿನೈದನ್ನು ಎತ್ತಬೇಕು, ಎಲ್ಲಿಯಾದರೂ ಇಡಬೇಕು, ಬೇಕಾದುದನ್ನು ತೆಗೆದು ಮತ್ತೆ ಪೇರಿಸಬೇಕು. ಕೆಲಸ ಮುಗಿದ ಮೇಲೆ ಇದೆಲ್ಲವನ್ನೂ ಇನ್ನೊಮ್ಮೆ ಮಾಡಬೇಕು. ಕುಕ್ಕರುಗಾಲಿನಲ್ಲಿ ಕುಳಿತು, ಬೀರುವಿನೊಳಕ್ಕೆ ತಲೆ ತೂರಿಸಿ ಈ ಕೆಲಸ ಮಾಡುವವಳು ಯಾರೆಂಬುದನ್ನು ಹೇಳಬೇಕಾದ್ದಿಲ್ಲ. ನಲವತ್ತು ದಾಟಿದ ಸೊಂಟಕ್ಕೆ ಇದು ದಿನನಿತ್ಯದ ಶಿಕ್ಷೆ. ಅರವತ್ತು ದಾಟಿದ ಹಿರಿಯಳಂತೂ ಕೈಲಾಗದೆ, "ಆ ತಟ್ಟೆ ತೆಗೆದುಕೊಡಮ್ಮ" ಎಂದು ಕೇಳಲು ಸಂಕೋಚಪಟ್ಟು ಸುಮ್ಮನಾಗುತ್ತಾಳೆ. ತನ್ನ ತವರಿನಿಂದ ಬಂದ ಪಾತ್ರೆ ತನ್ನ ಕೈಗೇ ಎಟುಕದಂತಾಗುವುದು ಸಣ್ಣ ನೋವಲ್ಲ. ಕೊನೆಗೆ ಮನೆಯವರೆಲ್ಲ ಮೇಲಿನ ಎರಡು ತಟ್ಟೆಗಳಲ್ಲಿಯೇ ಸಂಸಾರ ಸಾಗಿಸುತ್ತಾರೆ. ಸಾಲದಿದ್ದರೆ ಪೇಟೆಗೆ ಹೋಗಿ ಮೂರನೆಯದನ್ನು ಕೊಂಡುತರುತ್ತಾರೆ. ತಳದ ಹರಿವಾಣ ಇದ್ದೂ ಇಲ್ಲವಾಗುತ್ತದೆ. ತೆಗೆಯಲಾಗದ ವಸ್ತು ಮನೆಯ ಆಸ್ತಿಯಲ್ಲ, ಮನೆಯ ಹೊರೆ.

ಬ್ರಹ್ಮಗಿರಿಯ ಶಿಲಾಸಮಾಧಿಗಳಲ್ಲಿ ಸತ್ತವರ ಎಲುಬುಗಳೊಡನೆ ಮಡಕೆಕುಡಿಕೆಗಳನ್ನೂ ಕಬ್ಬಿಣದ ಸಾಮಾನುಗಳನ್ನೂ ಇಟ್ಟು, ಚಪ್ಪಡಿಯಿಂದ ಮುಚ್ಚಿದ್ದರು. ಮತ್ತೆ ನಿತ್ಯದ ಬಳಕೆಗೆ ತೆಗೆಯಬೇಕೆಂದು ಅವನ್ನು ಇಟ್ಟಿರಲಿಲ್ಲ. ಅಡಿಗೆಮನೆಯ ಬೀರು ಇದಕ್ಕೆ ಪ್ರತಿಯಾದುದು; ಅಲ್ಲಿ ಇಡುವುದೇ ತೆಗೆಯುವುದಕ್ಕಾಗಿ. ಇಡುವಾಗ ಎಷ್ಟು ಹಿಡಿಸಿತೆಂಬುದಲ್ಲ, ಬೇಕಾದಾಗ ಒಂದೇ ಕೈಯಲ್ಲಿ ಒಂದನ್ನು ಮಾತ್ರ ತೆಗೆಯಲು ಬರುವುದೆ ಎಂಬುದೇ ಬೀರುವಿನ ಪರೀಕ್ಷೆ.

ಹಿಂದಿನವರು ಈ ಪರೀಕ್ಷೆಯನ್ನು ತಮ್ಮದೇ ರೀತಿಯಲ್ಲಿ ಗೆದ್ದಿದ್ದರು. ಹಾಲು ಮೊಸರಿನ ಪಾತ್ರೆ ಬೆಕ್ಕಿಗೂ ಇರುವೆಗೂ ಸಿಕ್ಕದಂತೆ ನೆಲುವಿನಲ್ಲಿ ತೂಗುತ್ತಿತ್ತು. ಕೈಗೆಟುಕುವ ಎತ್ತರದ ಗೋಡೆಯ ಗೂಡಿನಲ್ಲಿ ನಿತ್ಯದ ಸಾಮಾನು. ನಾಗಂದಿಗೆಯ ಮೇಲೆ ವಾರಕ್ಕೊಮ್ಮೆ ಬೇಕಾಗುವುದು. ಅಟ್ಟದಲ್ಲಿ ಮದುವೆ ಮುಂಜಿಗಳ ಕೊಳಗ ಕೊಪ್ಪರಿಗೆ. ಗಡಿಗೆಗಳನ್ನು ಅಡಕಲಾಗಿ ಒಂದರ ಮೇಲೊಂದು ಪೇರಿಸುತ್ತಿದ್ದುದು ನಿಜ. ಆದರೆ ಅವು ಒಂದಕ್ಕಿಂತ ಒಂದು ಚಿಕ್ಕದಾಗಿ ಮೇಲೇರುತ್ತಿದ್ದುವು, ಅವುಗಳಲ್ಲಿ ಕಾಳುಕಡಿ ತುಂಬಿರುತ್ತಿದ್ದುವು, ನಿತ್ಯವೂ ಕೆಳಗಿನದನ್ನು ತೆಗೆಯಬೇಕಾಗಿರಲಿಲ್ಲ. ಸ್ಟೀಲಿನ ಕಾಲ ಬಂದಾಗ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ತಟ್ಟೆಯ ಸ್ಟ್ಯಾಂಡ್ ಬಂದಿತು. ಅದರಲ್ಲಿ ತಟ್ಟೆಗಳು ಸಾಲಾಗಿ ನಿಂತಿರುತ್ತಿದ್ದುವು. ನೀರು ತಾನಾಗಿ ಬಸಿದುಹೋಗುತ್ತಿತ್ತು. ಮನೆಯ ಮಗುವೂ ತನ್ನ ತಟ್ಟೆಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಆಮೇಲೆ ಮಾಡ್ಯುಲರ್ ಅಡಿಗೆಮನೆಗಳು ಬಂದು ಎಲ್ಲವನ್ನೂ ಬಾಗಿಲಿನ ಹಿಂದೆ ಮುಚ್ಚಿದುವು. ನೋಟಕ್ಕೆ ಚೆಲುವಾಯಿತು, ನಿಂತಿದ್ದ ತಟ್ಟೆಗಳು ಮಾತ್ರ ಮತ್ತೆ ಮಲಗಿಕೊಂಡುವು.

ಅವುಗಳನ್ನು ಪುನಃ ನಿಲ್ಲಿಸುವುದೇ ಪರಿಹಾರ. ಪುಸ್ತಕದ ಬೀರುವಿನಲ್ಲಿ ಯಾರೂ ಗ್ರಂಥಗಳನ್ನು ಒಂದರ ಮೇಲೊಂದು ಒಟ್ಟುವುದಿಲ್ಲ. ನಿಲ್ಲಿಸುತ್ತಾರೆ, ಬೇಕಾದುದನ್ನು ಬೆನ್ನು ಹಿಡಿದು ಎಳೆಯುತ್ತಾರೆ. ತಟ್ಟೆ, ತಬಕು, ಟ್ರೇ, ಮುಚ್ಚಳಗಳಿಗೂ ಅದೇ ನ್ಯಾಯ. ಒಲೆಯ ಕಟ್ಟೆಯ ಕೆಳಗಿನ ಒಂದು ಖಾನೆಯನ್ನು ಇದಕ್ಕೆಂದೇ ಬಿಡಬಹುದು. ತೆಳುವಾದ ಪ್ಲೈವುಡ್ ಹಲಗೆಗಳನ್ನು ಎರಡರಿಂದ ಮೂರು ಅಂಗುಲಗಳ ಅಂತರದಲ್ಲಿ ನಿಲ್ಲಿಸಿದರೆ ಒಂದೊಂದು ಸಂದಿನಲ್ಲಿ ಎರಡು ಮೂರು ತಟ್ಟೆಗಳು ನಿಲ್ಲುತ್ತವೆ. ಒಲೆಗೂ ಗೋಡೆಗೂ ನಡುವೆ ಆರೆಂಟು ಅಂಗುಲದ ಸಂದು ವ್ಯರ್ಥವಾಗಿದ್ದರೆ, ಅಗಲದ ಸಾಮಾನಿಗೆ ಒಲ್ಲದ ಆ ಜಾಗ ನಿಂತ ತಟ್ಟೆಗೆ ಅರಮನೆಯಾಗುತ್ತದೆ. ಬಡಗಿಯನ್ನು ಕರೆಸುವ ಅನುಕೂಲವಿಲ್ಲದವರು ತಂತಿಯ ಸ್ಟ್ಯಾಂಡೊಂದನ್ನೇ ಬೀರುವಿನೊಳಗಿಟ್ಟುಕೊಂಡರೂ ಉದ್ದೇಶ ಸಾಧಿಸುತ್ತದೆ.

ಬಡಗಿ ಬರುವುದಕ್ಕೆ ಮುಂಚೆ ಅಳತೆಯಾಗಬೇಕು. ಅತ್ಯಂತ ದೊಡ್ಡ ಹರಿವಾಣದ ಅಡ್ಡಳತೆ ಹದಿನಾರು ಅಂಗುಲವಾದರೆ ಖಾನೆಯ ಎತ್ತರ ಕಡೆಯ ಪಕ್ಷ ಹದಿನೇಳೂವರೆಯಾದರೂ ಇರಬೇಕು; ಇಲ್ಲದಿದ್ದರೆ ಬೆರಳಿಗೆ ಹಿಡಿತ ಸಿಕ್ಕದು. ಎತ್ತರವೊಂದನ್ನೇ ನೋಡಿದರೆ ಸಾಲದು. ದುಂಡನೆಯ ತಟ್ಟೆಯ ಅಗಲವೂ ಅಷ್ಟೇ ಆದುದರಿಂದ ಖಾನೆಯ ಆಳವೂ ಅಷ್ಟಿರಬೇಕು. ಗೋಡೆಯ ಮೇಲಿನ ಬೀರುಗಳ ಆಳ ಸಾಮಾನ್ಯವಾಗಿ ಒಂದಡಿಯಷ್ಟೇ. ಅಲ್ಲಿ ಹರಿವಾಣ ನಿಲ್ಲಿಸಿದರೆ ಬಾಗಿಲು ಮುಚ್ಚುವುದಿಲ್ಲ. ಕಟ್ಟೆಯ ಕೆಳಗಿನ ಖಾನೆಗೆ ಎರಡಡಿಯ ಆಳವಿರುವುದರಿಂದ ದೊಡ್ಡವು ಅಲ್ಲಿಗೇ ಸಲ್ಲುತ್ತವೆ. ಭಾರದ ಹಿತ್ತಾಳೆ ಕೆಳಗೆ, ಹಗುರವಾದ ಅಲ್ಯೂಮಿನಿಯಂ ಮೇಲೆ ಎಂಬುದನ್ನು ಮರೆಯಬಾರದು. ತಲೆಯ ಮಟ್ಟದಿಂದ ಜಾರಿದ ಹರಿವಾಣ ಕಾಲಿನ ಬೆರಳನ್ನು ಉಳಿಸುವುದಿಲ್ಲ. ದುಂಡು ತಟ್ಟೆಗೆ ಉರುಳುವ ಚಪಲವಿರುವುದರಿಂದ ಖಾನೆಯ ಮುಂದುಗಡೆ ಒಂದಂಗುಲ ಎತ್ತರದ ಪಟ್ಟಿ ಹೊಡೆಸುವುದು ಕ್ಷೇಮ.

ಇನ್ನೊಂದು ಎಚ್ಚರಿಕೆಯಿದೆ. ನಿಲ್ಲಿಸಿದ ತಟ್ಟೆಯ ನೀರು ಕೆಳಗಿನ ಅಂಚಿಗಿಳಿದು ಅಲ್ಲಿಯೇ ನಿಲ್ಲುತ್ತದೆ. ಗೋಡೆಯ ಸ್ಟ್ಯಾಂಡಿಗೆ ಗಾಳಿಯಾಡುತ್ತಿತ್ತು. ಮುಚ್ಚಿದ ಬೀರುವಿಗೆ ಆ ಭಾಗ್ಯವಿಲ್ಲ. ಒರೆಸದೆ ಇಟ್ಟರೆ ಕಬ್ಬಿಣದ ಕಾವಲಿ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಕಿಲುಬುಗಟ್ಟುತ್ತದೆ, ಪ್ಲೈವುಡ್ ಉಬ್ಬುತ್ತದೆ. ಆದುದರಿಂದ ಮೊದಲು ಬಟ್ಟೆ, ಆಮೇಲೆ ಬೀರು. ಮಳೆ ವಿರಳವಾಗಿ ಧೂಳು ಹೆಚ್ಚಾಗಿರುವ ಚಳ್ಳಕೆರೆ ಮೊಳಕಾಲ್ಮೂರುಗಳ ಬಯಲಿನಲ್ಲಿ ಬಾಗಿಲಿಲ್ಲದ ಸ್ಟ್ಯಾಂಡಿಗಿಂತ ಬಾಗಿಲಿರುವ ಖಾನೆಯೇ ಲೇಸು. ಕರಾವಳಿಯ ತೇವದ ಮನೆಗಳಲ್ಲಿ ಗಾಳಿಯಾಡುವ ಸ್ಟ್ಯಾಂಡೇ ಲೇಸು. ಒಂದೂರಿನ ವ್ಯವಸ್ಥೆ ಇನ್ನೊಂದೂರಿಗೆ ಹಾಗೆಯೇ ಒಗ್ಗಬೇಕಾಗಿಲ್ಲ.

ಇಷ್ಟೆಲ್ಲ ಲೆಕ್ಕಾಚಾರ ಅಡಿಗೆಮನೆಗೆ ಬೇಕೆ ಎಂದು ಮನೆಯ ಯಜಮಾನರು ನಗುವುದುಂಟು. ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಾರ್ಗರೆಟ್ ಷುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ ದುಡಿಯುವ ಜನರ ಮನೆಗಳಿಗಾಗಿ ಒಂದು ಅಡಿಗೆಮನೆಯನ್ನು ರೂಪಿಸಿದಳು. ಅದರ ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆ ಮೀಟರಿಗೆ ಸಮೀಪ. ಹೆಂಗಸು ಇಡುವ ಒಂದೊಂದು ಹೆಜ್ಜೆಯನ್ನೂ ಲೆಕ್ಕಹಾಕಿ, ಪ್ರತಿಯೊಂದು ಸಾಮಾನಿಗೂ ಅದರದೇ ತಾವನ್ನು ಗೊತ್ತುಮಾಡಿದಳು. ಆ ಮಾದರಿಯ ಸುಮಾರು ಹತ್ತು ಸಾವಿರ ಅಡಿಗೆಮನೆಗಳು ಆ ನಗರದಲ್ಲಿ ಎದ್ದುವು. ಕಾರ್ಖಾನೆಯ ಕೆಲಸಗಾರನ ಶ್ರಮವನ್ನು ಅಳೆಯುವವರು ಅಡಿಗೆಯವಳ ಶ್ರಮವನ್ನೂ ಅಳೆಯಬೇಕೆಂಬುದೇ ಅದರ ಹಿಂದಿದ್ದ ವಿಚಾರ. ಇಂದಿನ ಮಾಡ್ಯುಲರ್ ಅಡಿಗೆಮನೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಮಾದರಿಯ ಸಂತಾನವೇ. ಅದರ ಬಾಗಿಲು ಹಲಗೆಗಳನ್ನು ತಂದವರು ಅದರ ವಿಚಾರವನ್ನೂ ತರಬೇಕಾಗಿತ್ತು.

ಖಾನೆ ಸಿದ್ಧವಾದ ದಿನ ತಳದ ಪದರವನ್ನು ಹೊರಕ್ಕೆ ತೆಗೆಯಲೇಬೇಕು. ಆಗ ಅನೇಕ ಮನೆಗಳಲ್ಲಿ ಒಂದು ಸಣ್ಣ ಶಾಸನವೂ ಬೆಳಕಿಗೆ ಬರುತ್ತದೆ. ಹರಿವಾಣದ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು: ಕೊಟ್ಟವರ ಹೆಸರು, ಪಡೆದವಳ ಹೆಸರು, ಒಮ್ಮೊಮ್ಮೆ ಮದುವೆಯ ತಾರೀಖು. ಪಾತ್ರೆಯಂಗಡಿಯ ಮುಂದೆ ಕುಳಿತು ಉಳಿಯಿಂದ ಹೆಸರು ಹಾಕುತ್ತಿದ್ದವನು ಲಿಪಿಕಾರನಲ್ಲದೆ ಮತ್ತೇನು? ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೂ ಕೊನೆಯಲ್ಲಿ ತನ್ನ ಹೆಸರನ್ನು ಮರೆಯದೆ ಬರೆದಿದ್ದಾನೆ. ಇಂಥ ಹರಿವಾಣ ಹಳೆಯ ಹಿತ್ತಾಳೆಯ ಬೆಲೆಗೆ ತೂಕಕ್ಕೆ ಹೋಗುವುದಕ್ಕೆ ಮುಂಚೆ ಮನೆಯವರು ಅದನ್ನೊಮ್ಮೆ ಓದಿ ನೋಡುವುದು ಒಳ್ಳೆಯದು.

ಓದಿದ ಮೇಲೂ ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದಿಲ್ಲ. ವರ್ಷದಲ್ಲಿ ಒಮ್ಮೆಯೂ ಬಳಸದ, ಯಾರ ಹೆಸರೂ ಇಲ್ಲದ ತಟ್ಟೆಗಳು ಬೇಕಾದವರ ಮನೆಗೆ ಹೋಗಲಿ. ಅಲ್ಲಿಯಾದರೂ ಅವುಗಳಿಗೆ ಅನ್ನ ಬೀಳುತ್ತದೆ. ಉಳಿದವು ಎಣಿಸಿದಷ್ಟಿರಲಿ, ಎಟುಕುವಂತಿರಲಿ. ಮನೆಯ ಹಿರಿಯಳು ಯಾರನ್ನೂ ಕರೆಯದೆ ತನ್ನ ಹರಿವಾಣವನ್ನು ತಾನೇ ಎಳೆದುಕೊಂಡು ಅಕ್ಕಿ ಆರಿಸಲು ಕುಳಿತರೆ, ಖಾನೆಗೆ ಖರ್ಚಾದ ಹಣ ಹಿಂದಿರುಗಿತೆಂದೇ ತಿಳಿಯಬೇಕು.