ಗುಮಾಸ್ತನೇ ಯಜಮಾನನಾದರೆ?

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದ ವಿದ್ಯಾರ್ಥಿಯೊಬ್ಬ ಈಗ ಆಸ್ಟ್ರೇಲಿಯದಲ್ಲಿದ್ದಾನೆ. ಸಿಡ್ನಿ ನಗರದ ಪಶ್ಚಿಮಕ್ಕೆ, ಕನ್ನಡದ ಮನೆಗಳು ಸಾಕಷ್ಟಿರುವ ಪ್ಯಾರಮಟ್ಟದ ಕಡೆ, ಬಹು ಅಂತಸ್ತಿನ ಕಟ್ಟಡವೊಂದರಲ್ಲಿ ಸಾಲ ಮಾಡಿ ಮನೆ ಕೊಂಡಿದ್ದಾನೆ. ಕೊಂಡು ವರ್ಷ ತುಂಬುವ ಮೊದಲೇ ನಮಗೆ ಬರೆದ: “ಮೇಷ್ಟ್ರೇ, ಮನೆ ನನ್ನದು, ಸಾಲವೂ ನನ್ನದು. ಆದರೆ ಸೋರುವ ಮಾಳಿಗೆಯ ರಿಪೇರಿ ಈ ವರ್ಷವೋ ಮುಂದಿನ ವರ್ಷವೋ ಎಂದು ಹೇಳುವವನು ಎಲ್ಲಿಯೋ ಆಫೀಸಿನಲ್ಲಿ ಕುಳಿತ ಮ್ಯಾನೇಜರು. ಅವನ ಮುಖವನ್ನೇ ನಾನು ಕಂಡಿಲ್ಲ. ಅವನು ನನ್ನ ಆಳೋ, ನಾನು ಅವನ ಒಕ್ಕಲೋ?”

ಪ್ರಶ್ನೆ ಸಣ್ಣದಲ್ಲ. ಆ ರಾಜ್ಯದಲ್ಲಿ, ಅಂದರೆ ನ್ಯೂ ಸೌತ್ ವೇಲ್ಸಿನಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನ ಇಂತಹ ಕಟ್ಟಡಗಳಲ್ಲಿ ವಾಸವಾಗಿದ್ದಾರೆ.

ಇದರ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. ಮೊದಲು ಅಲ್ಲಿ ಮಹಡಿ ಮನೆ ಕೊಳ್ಳುವುದೆಂದರೆ ಒಂದು ಕಂಪೆನಿಯ ಷೇರು ಕೊಳ್ಳುವುದಾಗಿತ್ತು. ಕಟ್ಟಡ ಕಂಪೆನಿಯದು, ಷೇರುದಾರನಿಗೆ ವಾಸದ ಹಕ್ಕು ಮಾತ್ರ. ಇಂತಹ ಷೇರಿನ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತಿದ್ದವು. ಬೇಡವಾದವನನ್ನು ಡೈರೆಕ್ಟರುಗಳು ಬಾಗಿಲಿನಲ್ಲೇ ನಿಲ್ಲಿಸಬಹುದಾಗಿತ್ತು. 1961ರಲ್ಲಿ ಹೊಸ ಕಾನೂನು ಬಂದು ಆಕಾಶದ ಕಡೆಗೆ ಪದರಪದರವಾಗಿ ಒಡೆತನವನ್ನು ಹಂಚಿತು. ಸ್ಟ್ರಾಟಾ ಎಂದರೆ ಪದರವೇ. ಈ ಕಾನೂನಿಗಾಗಿ ಓಡಾಡಿದವರಲ್ಲಿ ಮುಂದಾಳು ಡಸೆಲ್‌ಡಾರ್ಪ್ ಎಂಬ ಡಚ್ ಮೂಲದ ದೊಡ್ಡ ಕಟ್ಟಡ ಉದ್ಯಮಿ. ಆತನಿಗೆ ಮನೆ ಮಾರಾಟವಾಗಬೇಕಿತ್ತು, ಜನಕ್ಕೆ ಮನೆ ಬೇಕಿತ್ತು. ಬಂಡವಾಳಿಗನ ಲಾಭವೂ ಬಡವನ ಅಗತ್ಯವೂ ಒಂದೇ ದಾರಿಯಲ್ಲಿ ನಡೆದ ಅಪರೂಪದ ಗಳಿಗೆ ಅದು ಎಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಬ್ರಿಟಿಷ್ ಕೊಲಂಬಿಯ 1966ರಲ್ಲಿ, ಸಿಂಗಪುರ 1967ರಲ್ಲಿ ಇದೇ ಬಗೆಯ ಕಾನೂನು ಮಾಡಿದವು.

ಈ ಏರ್ಪಾಡಿನಲ್ಲಿ ಮನೆಯ ಒಳಗಿನ ಜಾಗ ಕೊಂಡವನದು. ಹೊರಗೋಡೆ, ಮಾಳಿಗೆ, ಮೆಟ್ಟಿಲು, ಲಿಫ್ಟು ಎಲ್ಲರದೂ. ಎಲ್ಲರದನ್ನು ನೋಡಿಕೊಳ್ಳಲು ಒಡೆಯರೆಲ್ಲರೂ ತಾವಾಗಿಯೇ ಸದಸ್ಯರಾಗುವ ಒಂದು ಸಂಘವುಂಟು. ದಿನದ ಖರ್ಚಿಗೆ ಒಂದು ನಿಧಿ, ದೊಡ್ಡ ರಿಪೇರಿಗೆ ಇನ್ನೊಂದು ನಿಧಿ. ಎರಡಕ್ಕೂ ಒಡೆಯರು ತಮ್ಮ ಪಾಲಿನಂತೆ ವಂತಿಗೆ ಕಟ್ಟತಕ್ಕದ್ದು. ವರ್ಷಕ್ಕೊಮ್ಮೆ ಸಭೆ, ಹೆಚ್ಚೆಂದರೆ ಒಂಬತ್ತು ಜನರ ಸಮಿತಿ. ಸಮಿತಿಯವರು ಹಗಲೆಲ್ಲ ದುಡಿಯುವವರು. ಲೆಕ್ಕ ಬರೆಯಲು, ನೋಟೀಸು ಕಳಿಸಲು, ವಿಮೆ ಮಾಡಿಸಲು, ಪ್ಲಂಬರನನ್ನು ಕರೆಸಲು ಬಿಡುವೆಲ್ಲಿ? ಅದಕ್ಕಾಗಿ ಸಂಬಳ ಕೊಟ್ಟು ಮ್ಯಾನೇಜರನನ್ನು ಇಟ್ಟುಕೊಳ್ಳುತ್ತಾರೆ. ಆತ ಪರವಾನಗಿ ಪಡೆದವನಾಗಿರಬೇಕು.

ಕಾನೂನಿನ ಕಣ್ಣಿನಲ್ಲಿ ಆತನ ಅಧಿಕಾರವೆಲ್ಲ ಎರವಲು. ಸಂಘ ಸಭೆ ಸೇರಿ ಕೊಟ್ಟಷ್ಟೇ ಅಧಿಕಾರ. ವಂತಿಗೆ ಎಷ್ಟೆಂದು ಗೊತ್ತುಮಾಡುವ ಅಧಿಕಾರವನ್ನು ಸಂಘ ತಾನೇ ಬಯಸಿದರೂ ಅವನಿಗೆ ಕೊಡುವಂತಿಲ್ಲ. 2015ರ ಕಾನೂನಿನ ಪ್ರಕಾರ ಮೊದಲ ವಾರ್ಷಿಕ ಸಭೆಯ ನೇಮಕ ಒಂದು ವರ್ಷಕ್ಕೆ, ಆಮೇಲಿನದು ಮೂರು ವರ್ಷಕ್ಕೆ ಮೀರತಕ್ಕದ್ದಲ್ಲ. ಕಾಗದದ ಮೇಲೆ ಇಷ್ಟು ಚೊಕ್ಕವಾದ ಆಳು ಇನ್ನೊಬ್ಬನಿಲ್ಲ.

ಹಾಗಿದ್ದೂ ಆಳು ಧಣಿಯಾಗುವುದು ಹೇಗೆ? ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಶಾನುಭೋಗರು ಊರಿನ ಒಡೆಯರಾಗಿರಲಿಲ್ಲ, ಲೆಕ್ಕ ಬರೆಯುವವರು. ಆದರೆ ಯಾರ ಹೊಲ ಎಷ್ಟು ಗುಂಟೆ, ಯಾರ ಕಂದಾಯ ಬಾಕಿ ಎಂಬುದು ಅವರ ಕಡತದಲ್ಲಿತ್ತು, ಕಡತ ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ಊರೆಲ್ಲ ಅವರ ಜಗಲಿಯ ಮುಂದೆ ಕೈಕಟ್ಟಿ ನಿಂತದ್ದು ಆ ಪೆಟ್ಟಿಗೆಗಾಗಿ. ಆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿದ ನಮ್ಮ ಕಾನೂನೂ 1961ರದೇ. ನಮ್ಮಲ್ಲಿ ಶಾನುಭೋಗ ಹೋದ ವರ್ಷ ಅಲ್ಲಿ ಹೊಸ ಶಾನುಭೋಗನಿಗೆ ಜಗಲಿ ಕಟ್ಟಿಕೊಟ್ಟಂತಾಯಿತು.

ಸಿಡ್ನಿಯ ಸಭೆಗೆ ಒಡೆಯರ ಕಾಲು ಭಾಗವಾದರೂ ಬರಬೇಕು. ಅರ್ಧ ಗಂಟೆ ಕಾದರೂ ಬಾರದಿದ್ದರೆ, ಬಂದಷ್ಟು ಜನವೇ ಸಾಕೆಂದು ಅಧ್ಯಕ್ಷರು ಸಾರಬಹುದು. ಎಷ್ಟೋ ಕಡೆ ಆ ಕುರ್ಚಿಯಲ್ಲಿ ಕೂರುವವನೂ ಮ್ಯಾನೇಜರನೇ. ಬಾರದವರ ಮತಪತ್ರಗಳನ್ನು ಒಬ್ಬನೇ ಕಟ್ಟುಗಟ್ಟಿ ಹಿಡಿದು ಬರುವ ಚಾಳಿಯೂ ಇತ್ತು. ಅದಕ್ಕೆ 2016ರಿಂದ ಮಿತಿ ಹಾಕಿದ್ದಾರೆ. ಸಂಘ ಕಚ್ಚಾಡಿ ಕೆಟ್ಟುಹೋದರೆ ನ್ಯಾಯಮಂಡಳಿ ತಾನೇ ಮ್ಯಾನೇಜರನನ್ನು ನೇಮಿಸಿ, ಸಂಘದ ಅಧಿಕಾರವನ್ನು ಅವನ ಕೈಗಿಡಬಹುದು. ಪುರಸಭೆಯನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ಕೂರಿಸಿದಂತೆ. ಆಡಳಿತಾಧಿಕಾರಿಯ ಕಾಲದಲ್ಲಿ ನಮ್ಮ ಊರಿನ ಚರಂಡಿ ಏನಾಯಿತೆಂದು ಓದುಗರಿಗೆ ನೆನಪಿದೆ.

ಇನ್ನು ಹಣದ ವಿಷಯ. ಕಟ್ಟಡಕ್ಕೆ ವಿಮೆ ಕಡ್ಡಾಯ. ವಿಮೆ ಮಾಡಿಸಿದಾಗ ಮ್ಯಾನೇಜರನಿಗೆ ಕಮಿಷನ್ ಸಲ್ಲುವುದು ಅಲ್ಲಿ ಬೆಳೆದುಬಂದ ರೂಢಿ. ಮೂಲ ಪ್ರೀಮಿಯಮ್ಮಿನ ನೂರಕ್ಕೆ ಇಪ್ಪತ್ತರವರೆಗೂ ಹೋಗುವುದುಂಟು. ಸಂಬಳ ಕೊಡುವವರು ಒಡೆಯರು, ಕಮಿಷನ್ ಕೊಡುವುದು ವಿಮೆಯ ಕಡೆಯವರು. ಪ್ರೀಮಿಯಂ ಏರಿದಷ್ಟೂ ಕಮಿಷನ್ ಏರುತ್ತದೆ. ಯಜಮಾನನ ಖರ್ಚು ಹೆಚ್ಚಾದಷ್ಟೂ ತನ್ನ ಆದಾಯ ಹೆಚ್ಚಾಗುವ ಗುಮಾಸ್ತನನ್ನು ಯಾವ ದಿನಸಿ ಅಂಗಡಿಯ ಶೆಟ್ಟರಾದರೂ ಒಂದು ದಿನ ಇಟ್ಟುಕೊಂಡಾರೆಯೇ? 2024ರಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿ ಇದನ್ನೆಲ್ಲ ಬಯಲಿಗೆಳೆಯಿತು. ಸರಕಾರ ತಿದ್ದುಪಡಿ ತಂದು 2025ರ ಫೆಬ್ರವರಿಯಿಂದ ಜಾರಿ ಮಾಡಿತು. ಕಮಿಷನ್ನನ್ನೂ ಗುತ್ತಿಗೆದಾರರ ಜೊತೆಗಿನ ನಂಟನ್ನೂ ಬಿಚ್ಚಿ ಹೇಳಬೇಕು. ಮುಚ್ಚಿಟ್ಟರೆ ಹೆಚ್ಚಿನ ದಂಡ. ಕಮಿಷನ್ ಮಾತ್ರ ಪೂರ್ತಿ ಹೋಗಲಿಲ್ಲ. ಹೇಳಿ ತಿನ್ನುವುದಕ್ಕೂ ಹೇಳದೆ ತಿನ್ನುವುದಕ್ಕೂ ವ್ಯತ್ಯಾಸವುಂಟು, ಒಪ್ಪೋಣ; ಆದರೆ ತಿನ್ನುವುದು ತಿನ್ನುವುದೇ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಆಡಬೇಕು. ತಪ್ಪೆಲ್ಲ ಮ್ಯಾನೇಜರನದಲ್ಲ. ಒಡೆಯರು ಅತಿ ಕಡಿಮೆ ಸಂಬಳ ಕೇಳಿದವನನ್ನೇ ಆರಿಸುತ್ತಾರೆ. ಕಡಿಮೆಗೆ ಒಪ್ಪಿದ ಸಂಸ್ಥೆ ಒಬ್ಬ ನೌಕರನ ತಲೆಗೆ ಹಲವಾರು ಕಟ್ಟಡಗಳನ್ನು ಕಟ್ಟುತ್ತದೆ. ಆ ಹುಡುಗನೋ ಹುಡುಗಿಯೋ ಹಗಲು ಬೈಗುಳ ತಿಂದು, ರಾತ್ರಿ ಸಭೆ ನಡೆಸಿ, ಒಂದೆರಡು ವರ್ಷಕ್ಕೆ ಸುಸ್ತಾಗಿ ಬಿಟ್ಟುಹೋಗುತ್ತಾರೆ. ಲಾಭ ಮೇಲೆ ಹೋಗುತ್ತದೆ, ಬೈಗುಳ ಕೆಳಗೆ ಉಳಿಯುತ್ತದೆ. ದುಡಿಮೆಗೆ ತಕ್ಕ ಸಂಬಳವನ್ನು ನೇರವಾಗಿ ಕೊಟ್ಟು ಕಮಿಷನ್ನನ್ನು ಪೂರ್ತಿ ನಿಷೇಧಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಅಸಡ್ಡೆಗೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಮ್ಯಾಸ್ಕಟ್ ಟವರ್ಸನ್ನು ನೋಡಿ. ಸಿಡ್ನಿಯ ವಿಮಾನ ನಿಲ್ದಾಣದ ಹತ್ತಿರದ, 130ಕ್ಕೂ ಹೆಚ್ಚು ಮನೆಗಳ ಆ ಕಟ್ಟಡ ಬಿರುಕುಬಿಟ್ಟು 2019ರ ಜೂನ್ 14ರ ರಾತ್ರಿ ಜನರನ್ನು ಹೊರಗೆ ಕಳಿಸಬೇಕಾಯಿತು. ಅದಕ್ಕೆ ಆರು ತಿಂಗಳ ಹಿಂದೆ, 2018ರ ಕ್ರಿಸ್‌ಮಸ್ಸಿನ ಮುನ್ನಾದಿನ, ಒಪಲ್ ಟವರಿನಲ್ಲಿ ಇದೇ ಆಗಿತ್ತು. ಕಟ್ಟಿದವನ ಮೇಲೆ ದೊಡ್ಡ ದೋಷಕ್ಕೆ ದಾವೆ ಹೂಡಲು ಅಲ್ಲಿ ಆರು ವರ್ಷದ ಗಡುವು. ಮೂರು ಅಂತಸ್ತು ಮೀರಿದ ಕಟ್ಟಡಕ್ಕೆ ಮನೆಕಟ್ಟುವಿಕೆಯ ಖಾತರಿ ವಿಮೆ 2003ರ ಕೊನೆಯಿಂದಲೇ ಇಲ್ಲ. ಮ್ಯಾಸ್ಕಟ್ಟಿನಲ್ಲಿ ಗಡುವು ಮುಗಿದಿತ್ತು. ಮನೆ ಬಿಟ್ಟ ಒಡೆಯರು ಇರಲಾಗದ ಮನೆಯ ಸಾಲವನ್ನೂ ರಿಪೇರಿಯ ವಂತಿಗೆಯನ್ನೂ ಹೊತ್ತರು. ಮ್ಯಾನೇಜರನ ನಿಜವಾದ ಕೆಲಸ ಇಲ್ಲಿದೆ: ಗಡುವಿಗೆ ಮುಂಚೆ ಇಂಜಿನಿಯರನನ್ನು ಕರೆಸಿ ನೋಡಿಸಿ ಎಂದು ಸಂಘವನ್ನು ಎಚ್ಚರಿಸುವುದು. ಆದರೆ ಹೊಸ ಕಟ್ಟಡದ ಮೊದಲ ಮ್ಯಾನೇಜರನನ್ನು ಗೊತ್ತುಮಾಡುವವನು ಸಾಮಾನ್ಯವಾಗಿ ಕಟ್ಟಿಸಿದವನೇ. ನಾಳೆ ಇನ್ನೊಂದು ಕಟ್ಟಡದ ಕೆಲಸ ಕೊಡುವವನ ಮೇಲೆ ದಾವೆ ಹೂಡಿ ಎಂದು ಹೇಳುವ ನಾಲಿಗೆ ಎಷ್ಟು ಜನಕ್ಕಿದ್ದೀತು?

ಬಾಡಿಗೆದಾರನ ಪಾಡಂತೂ ಕೇಳುವುದೇ ಬೇಡ. ಲಿಫ್ಟು ಕೆಟ್ಟರೆ ಮೆಟ್ಟಿಲು ಹತ್ತುವವನು ಅವನು. ಕಟ್ಟಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮನೆಗಳಲ್ಲಿ ಬಾಡಿಗೆದಾರರಿದ್ದರೆ ಸಮಿತಿಗೆ ಒಬ್ಬ ಪ್ರತಿನಿಧಿಯನ್ನು ಕಳಿಸಬಹುದು; ಆ ಪ್ರತಿನಿಧಿಗೆ ಮತವಿಲ್ಲ. ವಾಸಮಾಡುವವನಿಗೆ ಮತವಿಲ್ಲ, ಲಂಡನ್ನಿನಲ್ಲಿ ಕುಳಿತು ಬಾಡಿಗೆ ಎಣಿಸುವವನಿಗೆ ಮತವುಂಟು. ಇದನ್ನು ಪ್ರಜಾಪ್ರಭುತ್ವವೆಂದು ಕರೆಯುವುದು ಹೇಗೆ?

ಬೆಂಗಳೂರಿನಲ್ಲೂ ಇಂತಹ ಕಟ್ಟಡಗಳು ಎದ್ದಿವೆ, ಅಪಾರ್ಟ್‌ಮೆಂಟ್ ಒಡೆತನದ ಕಾನೂನು ನಮ್ಮಲ್ಲಿ 1972ರಿಂದಲೂ ಇದೆ. ಅದರ ವಿಚಾರ ಇನ್ನೊಮ್ಮೆ.

ಹುಡುಗನಿಗೆ ನಾವು ಉತ್ತರ ಬರೆದಿದ್ದೇವೆ. ನಿಗದಿಯಾದ ಶುಲ್ಕ ಕಟ್ಟಿ ಸಂಘದ ದಫ್ತರ ನೋಡುವ ಹಕ್ಕು ನಿನಗಿದೆ, ಮೊದಲು ಅದನ್ನು ನೋಡು. ವಿಮೆಯ ಕಮಿಷನ್ ಎಷ್ಟೆಂದು ಹುಡುಕು. ಕಟ್ಟಡ ಮುಗಿದ ತಾರೀಖು ಬರೆದಿಟ್ಟುಕೋ, ಆರು ವರ್ಷ ಎಣಿಸು. ಸೋರುವ ಮಾಳಿಗೆಯ ಬಗ್ಗೆ ನಿರ್ಣಯವೊಂದನ್ನು ಬರೆದು ಸಂಘದ ಕಾರ್ಯದರ್ಶಿಗೆ ಕೊಡು, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದು ಬರಲೇಬೇಕು. ಸಭೆಗೆ ಒಬ್ಬನೇ ಹೋಗಬೇಡ, ಕೆಳಗಿನ ಮನೆಯವರನ್ನೂ ಎದುರುಮನೆಯವರನ್ನೂ ಕರೆದುಕೊಂಡು ಹೋಗು. ಸಭೆ ಬರುವ ತಿಂಗಳಂತೆ. ಹೋಗುತ್ತೇನೆಂದು ಬರೆದಿದ್ದಾನೆ.