ಎರಡನೇ ಸಲ ಬಂತಂದ್ರ ಕೇಳ್ರಿ

ನಮ್ಮ ನಾದಿನಿ ಮಗಗ 13ನೇ ವರ್ಷಕ್ಕ ಮೆದುಳುಪೊರಿ ಜ್ವರ ಬಂದಿತ್ತು. ತಲಿಶೂಲಿ, ವಾಂತಿ, ಕುತ್ತಿಗಿ ಕಟಗಿ ಆಗಿತ್ತು. ದವಾಖಾನ್ಯಾಗ ಹುಡುಗನ್ನ ಉಳಿಸಿದ್ರು, ನಮ್ಮತ್ತಿ ಹನುಮಪ್ಪಗ ಎಲಿಪೂಜಿ ಮಾಡ್ಸಿದ್ರು, ಮುಗೀತು ಅಂದ್ವಿ. 17ಕ್ಕ ಮತ್ತ ಬಂತು, ಅದ ಮೆನಿಂಗೋಕಾಕಸ್ ಬ್ಯಾಕ್ಟೀರಿಯಾ. ಈ ಸಲ ಹುಡುಗ ಉಳದ, ಒಂದು ಕಿವಿ ಹೋತು. ಮನ್ಯಾಗ ಎಲ್ಲಾರೂ ದೃಷ್ಟಿ ಅಂದ್ರು. ನಾ ಅನ್ಲಿಲ್ಲ ಅಂದ್ರ ಸುಳ್ಳಾಗ್ತದ, ನಾನೂ ಮೆಣಸಿನಕಾಯಿ ನಿವಾಳ್ಸೀನಿ.

ಆಗ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಕೇಳಿದ್ರು, "ಅಪ್ಪ ಅವ್ವ ಸಂಬಂಧದಾಗ ಲಗ್ನ ಆಗ್ಯಾರೇನ್ರಿ?" ನಾದಿನಿ ತನ್ನ ಸ್ವಾದರಮಾವನ್ನ ಮಾಡ್ಕೊಂಡಾಳ, ನಮ್ಮ ಕಡೆ ಅದೇನು ಹೊಸಾದಲ್ಲ. ಸಿ.ಎಚ್.50 ಅಂತ ಒಂದು ರಕ್ತಪರೀಕ್ಷೆ ಮಾಡ್ಸಿದ್ರು. ಫಲಿತಾಂಶ ಹೆಚ್ಚುಕಡಿಮಿ ಸೊನ್ನಿ.

ನಮ್ಮ ರಕ್ತದಾಗ ಕಾಂಪ್ಲಿಮೆಂಟ್ ಅನ್ನೋ ಪ್ರೋಟೀನುಗಳು ಇರ್ತಾವ. ಅದರಾಗ ಸಿ5ರಿಂದ ಸಿ9ರ ತನಕ ಐದು ಕೂಡಿ ಬ್ಯಾಕ್ಟೀರಿಯಾದ ಮೈಗೆ ತೂತು ಕೊರೀತಾವ. ಒಂದು ಇಲ್ಲಂದ್ರ ತೂತು ಬೀಳೂದಿಲ್ಲ. ಮೆನಿಂಗೋಕಾಕಸ್ ಕೊಲ್ಲಲಿಕ್ಕೆ ಈ ತೂತ ಬೇಕು, ಉಳದ ರೋಗಾಣುಗಳಿಗೆ ದೇಹದಾಗ ಬ್ಯಾರೆ ದಾರಿ ಅವ. ಹಿಂಗಾಗಿ ಹುಡುಗ ಉಳದ ದಿವ್ಸ ಗುಂಡಕಲ್ಲಿನಂಗ ಇದ್ದ, ನಮಗ ಸಂಶಯನ ಬರ್ಲಿಲ್ಲ.

ಎರಡನೇ ಸಲ ಬಂದಿದ್ದನ್ನ ಹಣೆಬರಹ ಅನಬ್ಯಾಡ್ರಿ. ತಲಿಗೆ ಪೆಟ್ಟು ಬಿದ್ದು ಮೂಗಿನಿಂದ ಮೆದುಳಿನ ನೀರು ಸೋರಿದ್ರೂ ಮತ್ತ ಮತ್ತ ಬರ್ತದ, ಅದನ್ನೂ ನೋಡಬೇಕು, ಈ ರಕ್ತಪರೀಕ್ಷೀನೂ ಆಗಬೇಕು. ಡಾಕ್ಟರು ಹೇಳ್ಲಿಲ್ಲಂದ್ರ ನೀವ ಕೇಳ್ರಿ. ಗೊತ್ತಾದ್ರ ಲಸಿಕಿ ಅದ, 5 ವರ್ಷಕ್ಕೊಮ್ಮೆ ಮತ್ತ ಹಾಕಸಬೇಕು. ದೋಷ ಹೋಗೂದಿಲ್ಲ, ಅಪಾಯ ಕಡಿಮಿ ಆಗ್ತದ. ಜ್ವರ ಬಂದ್ರ ಕಷಾಯ ಕುದಿಸ್ಕೋತ ಕೂಡದ ದವಾಖಾನಿಗೆ ಓಡಬೇಕು ಅನ್ನೂದಾದ್ರೂ ಗೊತ್ತಿರ್ತದ.

ಈಗ ಜಗಳ ಇರೂದು ಅವನ ತಂಗೀದು. 19 ವರ್ಷದಾಕಿ, ಅಕಿಗೂ ಇದು ಇರೋ ಸಂಭವ ನಾಲ್ಕರಾಗ ಒಂದು. "ವೈನಿ, ಅಕೀದು ಟೆಸ್ಟ್ ಬ್ಯಾಡ. ಹೊರಗ ಗೊತ್ತಾದ್ರ ಯಾರು ಮಾಡ್ಕೋತಾರ?" ಅಂತಾಳ ನಾದಿನಿ. ಅಕಿ ಹೆದರಿಕಿ ನನಗ ತಿಳೀತದ. ಆದ್ರ ನೋಡ್ಲಿಕ್ಕತ್ತಿದ್ದೂ ಮತ್ತ ಸಂಬಂಧದಾಗಿನ ಹುಡುಗನ್ನ! ಮುಚ್ಚಿಟ್ಟು ಅದ ಮನಿತನದಾಗ ಕೊಡೂದಂದ್ರ ಮೊಮ್ಮಕ್ಕಳಿಗೂ ಅದನ್ನ ಉಡಿ ತುಂಬಿ ಕಳಿಸಿದಂಗ.

ಮೊನ್ನೆ ಹುಡುಗೀನ ಫೋನ್ ಮಾಡಿದ್ಲು. "ಮಾಮಿ, ರಕ್ತ ಯಾವಾಗ ಕೊಡಬೇಕು?" ಇದನ್ನ ಬರೀ ಅಂತ ಹೇಳಿದಾಕಿನೂ ಅಕೀನ, ಹೆಸರು ಬಿಟ್ಟು. ಶನಿವಾರ ಮುಂಜಾನೆ ಇಬ್ಬರೂ ಹೊಂಟೇವಿ. ನಾದಿನಿ ಸಿಟ್ಟಾದ್ರ ಆಗ್ಲಿ.