ಬ್ಯಾಕಪ್ ಆಯ್ತಾ? ತೆರೆದು ನೋಡಿದ್ರಾ?

ನಮ್ಮ ಮನೆ ಲ್ಯಾಪ್‌ಟಾಪ್ ಆನ್ ಮಾಡಿ, ಕುಕ್ಕರ್ ಇಟ್ಟು, ಮೂರು ಸೀಟಿ ಕೂಗಿಸಿ ಬಂದರೂ ಪರದೆ ಮೇಲೆ ಚುಕ್ಕಿಗಳು ತಿರುಗುತ್ತಲೇ ಇರುತ್ತಿದ್ದವು. ಎಂಟು ವರ್ಷದ ಯಂತ್ರ. ರಿಪೇರಿ ಅಂಗಡಿಯ ಹುಡುಗ ನೋಡಿ, "ಹಾರ್ಡ್ ಡಿಸ್ಕ್ ಸುಸ್ತಾಗಿದೆ ಆಂಟಿ. ಎಸ್‌ಎಸ್‌ಡಿ ಹಾಕಿಸಿ, ಬೇಗ ಓಡುತ್ತೆ. ಆದ್ರೆ ಹೊಸದಾಗಿ ವಿಂಡೋಸ್ ಹಾಕ್ಬೇಕು, ಒಳಗಿರೋದೆಲ್ಲ ಹೋಗುತ್ತೆ" ಎಂದ.

ನನ್ನ ಎದೆ ಧಸಕ್ಕೆಂದಿತು. ತೀರಿಕೊಂಡ ನಮ್ಮ ಮಾವನವರ ದನಿ ಅದರಲ್ಲಿದೆ. ಮೊಮ್ಮಗನಿಗೆ ರಾತ್ರಿ ಹೇಳುತ್ತಿದ್ದ ಹನ್ನೊಂದು ಕಥೆಗಳನ್ನು ರೆಕಾರ್ಡ್ ಮಾಡಿಟ್ಟಿದ್ದೆವು. ನಡುನಡುವೆ ಅವರ ಕೆಮ್ಮು, "ಮುಂದೇನಾಯ್ತು ಹೇಳು ನೋಡೋಣ" ಅನ್ನುವ ಪ್ರಶ್ನೆ. ಬೇರೆಲ್ಲೂ ಅದರ ಪ್ರತಿ ಇಲ್ಲ.

ಆ ಮೊಮ್ಮಗ ಈಗ ಕಾಲೇಜು ಹುಡುಗ. "ಯಾಕಮ್ಮಾ ಟೆನ್ಶನ್ನು, ನಾನು ಬ್ಯಾಕಪ್ ತಗೀತೀನಿ" ಅಂದವನು ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ ಹತ್ತೇ ನಿಮಿಷಕ್ಕೆ ಮುಗಿಸಿದ. ತೆರೆದೂ ತೋರಿಸಿದ. ಮಾವನವರ ದನಿ ಕೇಳಿಸಿತು.

ಉಪ್ಪಿನಕಾಯಿ ತುಂಬುವ ಮೊದಲು ಜಾಡಿ ಒಣಗಿದೆಯಾ ಅಂತ ಎರಡೆರಡು ಸಲ ಮುಟ್ಟಿ ನೋಡುವವಳು ನಾನು. "ಅದೇ ಡಿಸ್ಕ್ ನಿನ್ನ ಲ್ಯಾಪ್‌ಟಾಪಿಗೆ ಹಾಕು" ಅಂದೆ. ಹಾಕಿದ. ಒಂದು ಕಥೆಯೂ ತೆರೆಯಲಿಲ್ಲ! ಅವನು ಕಾಪಿ ಮಾಡಿದ್ದು ಡೆಸ್ಕ್‌ಟಾಪ್ ಮೇಲಿದ್ದ ಶಾರ್ಟ್‌ಕಟ್. ಅಂದರೆ ವಿಳಾಸ ಬರೆದ ಚೀಟಿ, ಮನೆಯಲ್ಲ. ಹಳೇ ಯಂತ್ರದಲ್ಲಿ ಕೇಳಿಸಿದ್ದು ಹಳೇ ಡಿಸ್ಕಿನ ದನಿಯೇ. ಮಗನ ಮುಖ ಸಪ್ಪಗಾಯಿತು.

ಮತ್ತೆ ಕೂತು ಸರಿಯಾಗಿ ಮಾಡಿದ. ಮೊದಲು ಫೋಟೊ, ಆಡಿಯೊ, ಕಾಗದಪತ್ರಗಳ ಅಸಲಿ ಫೋಲ್ಡರುಗಳ ಪ್ರತಿ. ಆಮೇಲೆ ಇಡೀ ಸಿಸ್ಟಮ್ಮಿನ ಪ್ರತಿ. ಸಿ ಡ್ರೈವ್‌ನಲ್ಲಿರುವುದನ್ನೆಲ್ಲ ಎಳೆದು ಹೊಸ ಡ್ರೈವ್‌ಗೆ ಹಾಕಿದರೆ ವಿಂಡೋಸ್ ಶುರುವಾಗುವುದಿಲ್ಲವಂತೆ. ಶುರು ಮಾಡಿಸುವ ಭಾಗ ಕಣ್ಣಿಗೆ ಕಾಣದಂತೆ ಬೇರೆ ಇರುತ್ತದೆ. ಅದಕ್ಕೇ ಕಂಟ್ರೋಲ್ ಪ್ಯಾನೆಲ್‌ನ 'ಬ್ಯಾಕಪ್ ಆ್ಯಂಡ್ ರಿಸ್ಟೋರ್'ನಲ್ಲಿ 'ಸಿಸ್ಟಮ್ ಇಮೇಜ್' ಮಾಡಿಸಬೇಕು. ಜೊತೆಗೆ ಖಾಲಿ ಪೆನ್‌ಡ್ರೈವಿನಲ್ಲಿ ರಿಕವರಿ ಡ್ರೈವ್. ನಾವು 32 ಜಿಬಿಯದು ಬಳಸಿದೆವು.

ಹೊಸ ಡ್ರೈವ್ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ನಮ್ಮ ಹಳೆಯದು 500 ಜಿಬಿ. ಅಂಗಡಿಯವನು ತೋರಿಸಿದ್ದು 480 ಜಿಬಿಯದು. ಈ ವಿಧಾನದಲ್ಲಿ ಹೊಸದು ಹಳೆಯದಕ್ಕಿಂತ ಚಿಕ್ಕದಿದ್ದರೆ ಇಮೇಜ್ ಕೂರುವುದಿಲ್ಲ. ಒಂದು ಟಿಬಿಯದನ್ನೇ ತಂದೆವು. ನಿಮ್ಮ ಡ್ರೈವ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ.

ಭಾನುವಾರ ಡ್ರೈವ್ ಬದಲಾಯಿಸಿ, ಪೆನ್‌ಡ್ರೈವಿನಿಂದ ಶುರು ಮಾಡಿ, 'ಸಿಸ್ಟಮ್ ಇಮೇಜ್ ರಿಕವರಿ' ಒತ್ತಿದ. ಊಟ ಮುಗಿಸಿ ಬರುವಷ್ಟರಲ್ಲಿ ನಮ್ಮ ಹಳೇ ಪರದೆ, ಹಳೇ ಫೋಲ್ಡರುಗಳು ಇದ್ದಲ್ಲೇ ಇದ್ದವು. "ಅಮ್ಮಾ, ಅರ್ಧ ಜಾಗ ಕಾಣಿಸ್ತಿಲ್ಲ!" ಅಂದ. ಹೊಸ ಡ್ರೈವಿನ ಹೆಚ್ಚುವರಿ ಜಾಗ ಹಂಚಿಕೆಯಾಗದೆ ಉಳಿದಿತ್ತು, 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಅದನ್ನೂ ಬಳಕೆಗೆ ತಂದ.

ಹಳೇ ಹಾರ್ಡ್ ಡಿಸ್ಕನ್ನು ಅಳಿಸಲು ನಾನು ಬಿಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ, ಸೀರೆಗಳ ನಡುವೆ ಇಟ್ಟಿದ್ದೇನೆ. ಕೆಲವು ತಿಂಗಳಾದರೂ ಇರಲಿ.

ಅವತ್ತು ರಾತ್ರಿ ಮಗ ತಾನಾಗೇ ಒಂದು ಕಥೆ ಹಾಕಿದ. ಕೆಮ್ಮು ಬಂತು. "ಮುಂದೇನಾಯ್ತು ಹೇಳು ನೋಡೋಣ" ಅಂತ ಮಾವ ಕೇಳಿದರು. ಉದ್ದಕ್ಕೆ ಬೆಳೆದ ಮೊಮ್ಮಗ ಮೆಲ್ಲಗೆ ಉತ್ತರ ಹೇಳಿದ.

ನಿಮ್ಮ ಮನೆಯ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಒಮ್ಮೆ ತೆರೆದು ನೋಡಿ. ಇವತ್ತೇ ನೋಡಿ.